ಅರವತ್ತೆರಡು ಐಟಮ್ಮಿನ ಪಟ್ಟಿ

"ನೋಡ್ತಿರು, ಈ ಟ್ರಿಪ್ಪಲ್ಲಿ ಒಂದು ಸಾಸಿವೆಕಾಳೂ ಮರೆಯಲ್ಲ," ಎಂದು ಸತ್ಯಪ್ರಕಾಶರು ಅರವತ್ತೆರಡು ಐಟಮ್ಮಿನ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಿದಾಗ ಮಿಸಿಸಾಗಾದ ಆ ಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ಭಾಮೈದನ ಕತೆ ಶುರುವಾಗುತ್ತದೆಂಬ ಭಯ. ಹೆಂಡತಿ ರಾಜಲಕ್ಷ್ಮಿಯ ತಮ್ಮ, ಮಾಲ್ಟನ್ನಿನ ರಾಮಮೂರ್ತಿ, ಎರಡು ವರ್ಷದ ಹಿಂದೆ ಕ್ಯಾಂಪಿಂಗಿಗೆ ಟೆಂಟು ಒಯ್ದು ಅದರ ಕಂಬಗಳನ್ನು ಬೇಸ್‌ಮೆಂಟಲ್ಲೇ ಬಿಟ್ಟು ಹೋಗಿದ್ದ. ಕನ್ನಡ ಸಂಘದ ಯಾವ ಪಾಟ್‌ಲಕ್ ಊಟದಲ್ಲೂ ಸತ್ಯಪ್ರಕಾಶರು ಈ ಕತೆ ಹೇಳದೆ ಬಿಟ್ಟವರಲ್ಲ. ತಾವೇ ಏನಾದರೂ ಮರೆತರೆ ಅದನ್ನು ಹೇಳುವ ಹಕ್ಕು ಹೋದಂತೆಯೇ.

ಅದು ೨೦೦೩ರ ಜುಲೈ. ಬಾಡಿಗೆಗೆ ಬಂದ ಮೋಟರ್‌ಹೋಮಿನಲ್ಲಿ ಒಲೆ, ಸಿಂಕು, ಹಾಸಿಗೆ ಎಲ್ಲ ಇದ್ದವು. ರಾಜಲಕ್ಷ್ಮಿ ಒಲೆಯ ಮೇಲಿನ ಗೂಡಿನಲ್ಲಿ ಗಣಪತಿಯನ್ನು ಕೂರಿಸಿ ರಾಜಾಜ್ಞೆ ಹೊರಡಿಸಿದರು: "ದೇವ್ರಿರೋ ಜಾಗ ರೀ. ಚಪ್ಪಲಿ ಎಲ್ಲಾ ಹೊರಗೆ."

ಮೊದಲ ಸಂಜೆ ಫೆನೆಲನ್ ಫಾಲ್ಸ್ ಹತ್ತಿರದ ಕ್ಯಾಂಪಿನಲ್ಲಿ ಮೂರು ಜೊತೆ ಮೆಟ್ಟಿಲ ಪಕ್ಕ ಸಾಲಾಗಿ ಕುಳಿತವು. ಬೆಳಿಗ್ಗೆ ಸತ್ಯಪ್ರಕಾಶರು ಫ್ರಿಜ್ಜಿನಿಂದ ಕಿತ್ತು ತಂದಿದ್ದ ಪಟ್ಟಿ ಹಿಡಿದು ಇಂಗಿನ ಡಬ್ಬಿಯಿಂದ ಟಾರ್ಚಿನವರೆಗೆ ಅರವತ್ತೆರಡಕ್ಕೂ ಟಿಕ್ ಹಾಕಿ, ಒಳಗಿನಿಂದಲೇ ಡ್ರೈವರ್ ಸೀಟಿಗೆ ಹೋಗಿ ಕೂತರು. ಬರಿಗಾಲಲ್ಲಿ ಗಾಡಿ ಓಡಿಸುವ ಸುಖವೇ ಬೇರೆ ಎಂದೂ ಅವರಿಗೆ ಅನಿಸಿತು.

ಮಿಂಡನ್ ದಾಟಿ ಹ್ಯಾಲಿಬರ್ಟನ್ನಿನ ಪೇಟೆಯಲ್ಲಿ ನಿಂತಾಗ ಮಗಳು ಸಂಜನಾ ಬಾಗಿಲು ತೆಗೆದಳು.

"ಅಪ್ಪಾ, ವೇರ್ ಆರ್ ಮೈ ಶೂಸ್?"

ಸತ್ಯಪ್ರಕಾಶರು ಪಟ್ಟಿಯನ್ನು ಎರಡು ಸಲ ಓದಿದರು. "ಪಟ್ಟೀಲಿ ಇಲ್ಲ."

"ಪಟ್ಟೀಲಿ ಇಲ್ದಿದ್ರೆ ಕಾಲಲ್ಲೂ ಇರಬಾರ್ದಾ?" ಎಂದರು ರಾಜಲಕ್ಷ್ಮಿ.

"ಲೇ, ನಿನ್ನ ತಮ್ಮಂಗೆ ಮಾತ್ರ ಹೇಳ್ಬೇಡ. ಕೈ ಮುಗೀತೀನಿ."

ಎದುರಿಗೇ ಚಪ್ಪಲಿ ಅಂಗಡಿ. ಕಾದ ಡಾಂಬರಿನ ಮೇಲೆ ಭರತನಾಟ್ಯ ಮಾಡುತ್ತ ಹೋದರೆ ಬಾಗಿಲಲ್ಲಿ ಬೋರ್ಡು: ಬರಿಗಾಲಲ್ಲಿ ಒಳಗೆ ಬರುವಂತಿಲ್ಲ. ಚಪ್ಪಲಿ ಕೊಳ್ಳಬೇಕಾದರೆ ಕಾಲಲ್ಲಿ ಚಪ್ಪಲಿ ಇರಬೇಕು! ಸತ್ಯಪ್ರಕಾಶರು ಅದೇ ನಾಟ್ಯದಲ್ಲಿ ಹಿಂದಿರುಗಿ ಗಾಡಿಯನ್ನು ಬಂದ ದಾರಿಗೇ ತಿರುಗಿಸಿದರು.

ಕ್ಯಾಂಪಿನಲ್ಲಿ ಪೊಲೀಸ್ ಕಾರು ನಿಂತಿತ್ತು. ಪಕ್ಕದ ಜಾಗದ ಅಜ್ಜಿ ಇವರನ್ನು ಕಂಡು ಎದೆ ಹಿಡಿದುಕೊಂಡಳು. ಇಡೀ ಸಂಸಾರ ಶೂ ಬಿಟ್ಟು ತಾನಾಗಿ ಹೊರಡುವುದುಂಟೇ, ಯಾರೋ ಗಾಡಿಸಮೇತ ಅಪಹರಿಸಿದ್ದಾರೆ ಎಂದು ಆಕೆಯೇ ದೂರು ಕೊಟ್ಟಿದ್ದಳು. ಪೊಲೀಸರು ಕ್ಯಾಂಪಿನ ಫಾರಮ್ಮಿನಲ್ಲಿದ್ದ ತುರ್ತು ನಂಬರಿಗೆ ಫೋನನ್ನೂ ಮಾಡಿದ್ದರು. ಆ ನಂಬರನ್ನು ದುಂಡಗಿನ ಅಕ್ಷರದಲ್ಲಿ ತುಂಬಿದವರು ಸತ್ಯಪ್ರಕಾಶರೇ. ಪಟ್ಟಿಯಲ್ಲಿ ಅದು ಒಂಬತ್ತನೇ ಐಟಮ್ಮು.

ಅಷ್ಟರಲ್ಲಿ ಕಾರೊಂದು ಧೂಳೆಬ್ಬಿಸಿ ನಿಂತಿತು. ಒಂದು ಕಾಲಿಗೆ ಆಫೀಸಿನ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ರಾಮಮೂರ್ತಿ ಓಡಿ ಬಂದ.

"ಅಕ್ಕಾ... ಭಾವ... ಬರೀ ಚಪ್ಪಲಿ ಸಿಕ್ಕಿದೆ ಅಂದ್ರು," ಎಂದವನೇ ಭಾವನನ್ನು ಅಪ್ಪಿಕೊಂಡು ಗಳಗಳ ಅತ್ತುಬಿಟ್ಟ. ಸತ್ಯಪ್ರಕಾಶರ ಕಣ್ಣೂ ಒದ್ದೆಯಾಯಿತು. ಇಂಥವನನ್ನು ಎರಡು ವರ್ಷ ಆಡಿಕೊಂಡೆನಲ್ಲ ಎಂದು ನಾಚಿಕೆಯಾಯಿತು.

ರಾಮಮೂರ್ತಿ ಮೂಗೊರೆಸಿಕೊಂಡ. ಭಾವನ ಬರಿಗಾಲನ್ನು ನೋಡಿದ, ಸಾಲಾಗಿದ್ದ ಮೂರು ಜೊತೆಯನ್ನು ನೋಡಿದ, ಭಾವನ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ.

"ಅಲ್ಲಾ ಭಾವ, ನನ್ನ ಟೆಂಟಿನ ಕಂಬ..."

"ಯಾವ ಟೆಂಟು, ಯಾವ ಕಂಬ?" ಎಂದರು ಸತ್ಯಪ್ರಕಾಶರು, ಬಗ್ಗಿ ಚಪ್ಪಲಿಗೆ ಕಾಲು ತೂರಿಸುತ್ತ. "ನಂಗೆ ಮರ್ತೇ ಹೋಗಿದೆಯಪ್ಪ."