ಚಿಗವ್ವನ ಐರಿಶ್ ಅಳು

ನಮ್ಮ ಚಿಗವ್ವಗ ಬರೂ ವಿದ್ಯಾದಾಗ ಇಡೀ ಇಳಕಲ್ಲಿನಾಗ ಒಬ್ಬರೂ ತಪ್ಪು ಹುಡುಕಲಾರರು. ಅದು ಐರಿಶ್ ಭಾಷಾ! ತಪ್ಪು ಹುಡುಕಬೇಕಂದ್ರ ಇನ್ನೊಬ್ಬರಿಗೆ ಬರಬೇಕಲ್ಲರೀ?

ಐರ್ಲೆಂಡಿನ ದವಾಖಾನ್ಯಾಗ ನರ್ಸ್ ಆಗಿದ್ದಾಕಿ, ಅಲ್ಲಿನ ಹಳ್ಳಿಯವರ ಕಥಿ, ಹಾಡು, ಅಳು ಎಲ್ಲಾ ಗಂಟು ಕಟಗೊಂಡು ಬಂದ್ಲು. ಈಗ ನಾಟಕ ಮಾಡತಾಳ, ಪ್ರತಿ ಮಾತೂ ಮೊದಲ ಐರಿಶಿನಾಗ, ಆಮ್ಯಾಲ ಕನ್ನಡದಾಗ. ಕುಳಗೇರಿ ಕ್ರಾಸಿನಾಗ ಆಡುಮುಂದ ರಾಜ ಐರಿಶಿನಾಗ ಒಮ್ಮೆ ಸತ್ತ, ಎದ್ದು ಕನ್ನಡದಾಗ ಸಾಯಾಕ ಹತ್ತಿದ. ಒಬ್ಬ ಮುದುಕ ಎದ್ದು ಕೈ ಮುಗದ: "ಯವ್ವಾ, ಯಾವುದರ ಒಂದರಾಗ ಸಾಯಿಸಿಬಿಡ್ರಿ. ನಮ್ಮ ಕಡೀ ಬಸ್ ಹೊಂಟೈತಿ!"

ಈ ಸಲದ್ದು ಸತ್ತವರ ಮನಿ ನಾಟಕ. ಐರ್ಲೆಂಡಿನಾಗ ಹಿಂದಕ ಹೆಣದ ಮುಂದ ಹಾಡಿ ಅಳಾಕಂತನ ಹೆಂಗಸರು ಇದ್ರಂತ. ಆದ್ರ ಈ ನಾಟಕ ಹಿಡಿದಿದ್ದಕ್ಕ ಖರೇ ಕಾರಣ ಬ್ಯಾರೇನ ಇತ್ತು. ಅಪ್ಪ ತೀರಿಕೊಂಡಾಗಿಂದ ನಮ್ಮ ಅವ್ವ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಊಟ ಅರ್ಧಾ, ಮಾತು ಅರ್ಧಾ. "ಅಕ್ಕ ಅಳಲಿಲ್ಲಂದ್ರ ಒಳಗಿಂದೊಳಗ ಸಾಯತಾಳ, ಹೆಂಗರ ಮಾಡಿ ಅಳಸತೇನಿ" ಅಂತ ಚಿಗವ್ವ ಹಟ ಹಿಡದಿದ್ಲು. ಮಂದಿ ನಗಸಾಕ ನಾಟಕ ಆಡತಾರ, ಈಕಿ ಅಕ್ಕನ್ನ ಅಳಸಾಕ!

ತಾಲೀಮು ನಮ್ಮ ಮನಿಯಾಗ. ಹೆಣ ನಾನು. ಸತ್ತ ಮನಿಯಾಗ ಐರ್ಲೆಂಡಿನವರ ಪದ್ಧತಿ ಅಂತ ಗಡಿಯಾರ ನಿಲ್ಲಿಸಿದ್ಲು, ನನ್ನ ಬಾಗಲಕೋಟಿ ಬಸ್ ತಪ್ಪಿತು. "ಸತ್ತಾಂವಗ ಬಸ್ ಯಾಕ ಬೇಕೋ?" ಅಂದ್ಲು.

ಅವ್ವ ಹಿಟ್ಟಿನ ಗಿರಣಿಗೆ ಹೋಗಿದ್ಲು. ನಾ ಹೊರಸಿನ ಮ್ಯಾಲ ಮಲಕೊಂಡೆ. ಚಿಗವ್ವ ಕೂದಲಾ ಬಿಚ್ಚಿ "ಓಖೋನ್! ಓಖೋನ್ ಓ!" ಅಂತ ಸ್ವರ ಎತ್ತಿದ್ಲು ನೋಡ್ರಿ, ಓಣಿ ನಾಯಿ ಸುದ್ದಾ ಸುಮ್ಮನಾದವು! ಮಾತು ತಿಳೀದಿದ್ರೇನು, ಅಳು ತಿಳೀತಲ್ಲ? ಓಣಿ ಮಂದಿ ಓಡಿ ಬಂದ್ರು. ಸತ್ತ ಮನಿಯಾಗ ಒಲಿ ಹಚ್ಚೂದಿಲ್ಲಂತ ಹೆಂಗಸರು ರೊಟ್ಟಿ, ಝುಣಕಾ ತಂದ್ರು. ಎದುರುಮನಿ ಕಾಕಾ ಮಾಲಿ ತಂದು, ಬಂದ ಕೂಡ್ಲೇ ಬೈದ: "ಬುದ್ಧಿ ಐತೇನು ನಿಮಗ? ಹೆಣಾ ಹಿಂಗ ಮಲಗಸತಾರೇನು? ನಮ್ಮಲ್ಲಿ ಕುಂದ್ರಸಬೇಕು!"

ಚಿಗವ್ವ ಪಾತ್ರ ಬಿಡಲಿಲ್ಲ. ನಾಕು ಮಂದಿ ನನ್ನ ಎತ್ತಿ ಗ್ವಾಡಿಗೆ ಕುಂದ್ರಿಸಿ, ವಿಭೂತಿ ಬಡದು, ಮಾಲಿ ಹಾಕಿದ್ರು. "ಪಾಪ, ಇನ್ನೂ ಬೆಚ್ಚಗ ಅದಾನ" ಅಂದ ಕಾಕಾ. ಉಸರು ಬಿಡಲೋ, ಬ್ಯಾಡೋ?

ಅಷ್ಟರಾಗ ಅವ್ವ ಹಿಟ್ಟಿನ ಡಬ್ಬಿ ಹೊತಗೊಂಡು ಬಂದ್ಲು. "ಏನ್ ಹುಚ್ಚಾಟ ಹಚ್ಚೀರಿ ಇದು!" ಅಂತ, ತಾಲೀಮಿನ ಸುದ್ದಿ ಗೊತ್ತಿದ್ದಾಕಿ, ನಗಾಕ ಹತ್ತಿದ್ಲು. ನಗಕೋತ ನಗಕೋತ ಗ್ವಾಡಿ ನೋಡಿದ್ಲು. ಅಪ್ಪನ್ನ ಕುಂದ್ರಿಸಿದ್ದೂ ಅಲ್ಲೇನ. ಡಬ್ಬಿ ಕೈಬಿಟ್ಟು ಬಿತ್ತು.

"ನನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹೋದ್ರಿ... ಯಾರಿಗೆ ರೊಟ್ಟಿ ಬಡೀಲಿ ನಾ, ಯಾರ ದಾರಿ ಕಾಯಲಿ..." ಅಂತ ಅಪ್ಪನ್ನ ನೆನಸಿ ಹಾಡಿ ಹಾಡಿ ಅತ್ಲು. ಚಿಗವ್ವ ಐರಿಶ್ ನಿಲ್ಲಿಸಿ, ಅಕ್ಕನ್ನ ತಬಕೊಂಡು ತಾನೂ ಕನ್ನಡದಾಗ ಅತ್ಲು.

ನನಗೂ ತಡಕೊಳ್ಳಾಕ ಆಗಲಿಲ್ಲ. ಹೆಣದ ಕಣ್ಣಾಗ ನೀರು ಕಂಡು ಕಾಕಾ ಚಪ್ಪಲ್ ಬಿಟ್ಟು ಓಡಿದ! ಅವ್ವ ಹಿಟ್ಟಿನ ಕೈಯಿಲೆ ಮೊದಲ ನನ್ನ ಕಣ್ಣು ಒರಸಿದ್ಲು, ಆಮ್ಯಾಲ ತನ್ನವು.