ಮಾಳಿಗೆಯ ಮೇಲೆ ಹನ್ನೆರಡು ಕುರಿ

ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ಉರಿಯಲು ಬೀಳಗಿಯ ಶ್ರೀಧರನಿಗೆ ಪಕ್ಕದ ಮಾಳಿಗೆಯ ಬದನೆಗಿಡಗಳನ್ನು ನೋಡಿದರೆ ಸಾಕಿತ್ತು.

ಎರಡು ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆ. ಆಚೆ ಅಮಸಿದ್ದಪ್ಪನ ಮಾಳಿಗೆ. ಅಲ್ಲಿ ಎಂಟು ಎಣ್ಣೆ ಡಬ್ಬಿಗಳಲ್ಲಿ ಗಿಡಗಳು ಕಾಯಿ ಹೊರಲಾರದೆ ಬಾಗಿದ್ದವು. ಈಚೆ ಶ್ರೀಧರನ ನಾಲ್ಕು ಸಸಿಗಳು ಜ್ವರ ಬಂದ ಮಕ್ಕಳಂತೆ ಜೋಲುಮೋರೆ ಹಾಕಿದ್ದವು. ಬೇರು ಬಿಟ್ಟವೋ ಇಲ್ಲವೋ ಎಂದು ಅವನು ದಿನಕ್ಕೊಮ್ಮೆ ಕಿತ್ತು ನೋಡಿ ಮತ್ತೆ ನೆಡುತ್ತಿದ್ದ. ನೀರಾವರಿ ಕಚೇರಿಯ ಗುಮಾಸ್ತನಿಗೆ ಪರಿಶೀಲನೆ ರಕ್ತದಲ್ಲೇ ಇಳಿದಿತ್ತು.

ಸಂಕ್ರಾಂತಿಗೆ ಮೂರೇ ವಾರ. ಹೆಂಡತಿ ರಾಧಾಬಾಯಿಯ ಅಣ್ಣ ಬಾಳಾಸಾಹೇಬ ಮುಧೋಳದಿಂದ ಬರುವವನಿದ್ದ. ಬಂದಾಗೆಲ್ಲ ಒಂದು ಚೀಲ ಕಾಯಿಪಲ್ಲೆ ಇಳಿಸಿ, ನಿಮಗೆ ಗೇಣು ಮಣ್ಣೂ ಇಲ್ಲ ಪಾಪ ಎನ್ನುವ ತೋಟದ ಧಣಿ. ಕಳೆದ ದೀಪಾವಳಿಯಲ್ಲಿ ಶ್ರೀಧರ ರೇಗಿ, ಸಂಕ್ರಾಂತಿಯ ಎಣ್ಣೆಗಾಯಿಗೆ ತನ್ನ ಮನೆಯ ಬದನೆಯೇ, ಇಲ್ಲದಿದ್ದರೆ ಜನ್ಮದಲ್ಲಿ ಬದನೆಕಾಯಿ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ. ಅವನಿಗೆ ಪ್ರಾಣಕ್ಕಿಂತ ಬದನೆಕಾಯಿ ಹೆಚ್ಚು. ರಾಧಾಬಾಯಿ ಮಾತ್ರ ಆ ಚಿಂತೆಯೇ ಇಲ್ಲದೆ ದಿನವೂ ಪಕ್ಕದ ಅಮಸಿದ್ದಪ್ಪನ ಹೆಂಡತಿ ಸುಂದರವ್ವನ ಮನೆಗೆ ಹರಟೆಗೆ ಹೋಗುತ್ತಿದ್ದಳು.

ಆ ಭಾನುವಾರ ಅವನು ಅಭಿಮಾನ ನುಂಗಿ ಗೋಡೆಯಾಚೆಗೆ ಗುಟ್ಟು ಕೇಳಿದ.

"ಕುರಿ ಹಿಕ್ಕಿ ರಾಯರ, ಮತ್ತೇನಿಲ್ಲ. ಹೊಲದಾಗ ಕುರಿ ನಿಂದ್ರಸ್ತಾರಲ್ಲ, ಆ ಗೊಬ್ಬರ," ಎಂದು ಅಮಸಿದ್ದಪ್ಪ ನಕ್ಕ. ಆ ನಗೆ ಶ್ರೀಧರನಿಗೆ ಚುಚ್ಚಿತು. ಬುಟ್ಟಿ ಗೊಬ್ಬರ ಕೊಡುತ್ತೇನೆ ಎಂದರೂ ಬೇಡವೆಂದ. ವೈರಿಯ ಹಿಕ್ಕೆ ಯಾರಿಗೆ ಬೇಕು?

ಹತ್ತು ಗಂಟೆಗೆ ಕುರುಬರ ಯಮನಪ್ಪ ಗಲಗಲಿಯ ಹೊಳೆದಂಡೆಗೆ ಕುರಿ ಹೊಡೆದುಕೊಂಡು ಓಣಿಯಲ್ಲೇ ಬಂದ. ಶ್ರೀಧರ ಅಡ್ಡ ನಿಂತು, ಹೊಲದಲ್ಲಿ ನಿಲ್ಲಿಸುವಂತೆ ತನ್ನ ಮಾಳಿಗೆಯ ಮೇಲೂ ಒಂದು ತಾಸು ಕುರಿ ನಿಲ್ಲಿಸು, ಎರಡು ಸೇರು ಜೋಳ ಕೊಡುತ್ತೇನೆ ಎಂದ.

"ಹೊಲದಾಗ ರಾತ್ರಿಪೂರ್ತಿ ನಿಂದ್ರಸ್ತೀವ್ರಿ. ಮಾಳಿಗಿ ಮ್ಯಾಲ ನಮ್ಮಜ್ಜನೂ ನಿಂದ್ರಿಸಿಲ್ಲ," ಎನ್ನುತ್ತಲೇ ಯಮನಪ್ಪ ಹನ್ನೆರಡನ್ನು ಬೇರೆ ಮಾಡಿ, ಉಳಿದವನ್ನು ಕಾಯುತ್ತ ಓಣಿಯಲ್ಲೇ ನಿಂತ. ಮುಂದಿನ ಟಗರು ಮೆಟ್ಟಿಲು ಹತ್ತಿತು, ಹನ್ನೊಂದು ಅದರ ಬಾಲ ಹಿಡಿದವು. ಎದುರುಮನೆಯ ಭೀಮಪ್ಪ ದೇವರಿಗೆ ಬಿಟ್ಟಿದ್ದೋ ಎಂದು ವಿಚಾರಿಸಿದ. ಓಣಿಯ ತಾಯವ್ವ ಸ್ಲ್ಯಾಬು ಕುಸಿಯುತ್ತದೆ ಎಂದು ಹೆದರಿಸಿ, ಕುಸಿಯುವುದನ್ನು ನೋಡಲು ಅಲ್ಲೇ ನಿಂತಳು.

ಮೇಲೆ ಕುರಿಗಳು ಹಿಕ್ಕೆ ಹಾಕುವ ಮೊದಲು ಹಸಿವು ನೋಡಿಕೊಂಡವು. ಶ್ರೀಧರನ ನಾಲ್ಕು ಸಸಿಗಳು ಒಂದೊಂದು ತುತ್ತೂ ಆಗಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಟಗರು ಗೋಡೆಯಾಚೆ ಕತ್ತು ಚಾಚಿತು.

ಬೆದರಿಸಲು ಕೈಯಲ್ಲಿ ಕೋಲಿತ್ತು. ಶ್ರೀಧರ ಮೆಲ್ಲನೆ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ. ತನಗಿಲ್ಲದ್ದು ಅವನಿಗೂ ಬೇಡ. ಹನ್ನೆರಡೂ ಗೋಡೆ ಹಾರಿದವು. ಎಲೆ, ಹೂವು, ಕಾಯಿ ಎಲ್ಲ ಮುಗಿಯುವವರೆಗೆ ಅವನು ಹಬ್ಬದ ಊಟ ಬಡಿಸಿದವನ ಸಂತೋಷದಿಂದ ನೋಡಿದ. ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಗಿತ್ತು.

ಗದ್ದಲ ಕೇಳಿ ಆಚೆಯ ಮೆಟ್ಟಿಲಿನಿಂದ ಮೇಲೆ ಬಂದವಳು ರಾಧಾಬಾಯಿ. ಕೈಯಲ್ಲಿ ನೀರಿನ ತಂಬಿಗೆ. ಬೋಳು ಡಬ್ಬಿಗಳನ್ನು ಕಂಡು ತಂಬಿಗೆಯನ್ನು ಅಲ್ಲೇ ಕೆಳಗಿಟ್ಟಳು.

"ಅವು ನನ್ನ ಗಿಡಾ ರೀ," ಎಂದಳು. "ನಮ್ಮ ಮಾಳಿಗಿ ಮ್ಯಾಲೆ ಇಟ್ರ ನೀವು ದಿನಾ ಕಿತ್ತು ನೋಡ್ತೀರಿ ಅಂತ ಸುಂದರವ್ವನ ಕಡೆ ಇಟ್ಟಿದ್ದೆ. ಸಂಕ್ರಾಂತಿಗೆ ಅಣ್ಣನ ಮುಂದ ನೀವೇ ಬೆಳಸಿದ್ದು ಅಂತ ಹೇಳಾಕಿದ್ದೆ."

ಶ್ರೀಧರನ ಬೆನ್ನ ಹಿಂದಿನ ಕೋಲು ಕೆಳಗೆ ಬಿತ್ತು.

ಕುರಿಗಳನ್ನು ಇಳಿಸಿ, ಜೋಳ ಕಟ್ಟಿಕೊಂಡು ಯಮನಪ್ಪ ಹೊರಟುಹೋದ. ಸಂಜೆ ಅಮಸಿದ್ದಪ್ಪ ಪೊರಕೆ ಹಿಡಿದು ತನ್ನ ಮಾಳಿಗೆ ಗುಡಿಸುತ್ತ ಕೈಮುಗಿದ.

"ಭಾಳ ಉಪಕಾರ ಆತ್ರಿ ರಾಯರ. ಎರಡು ಬುಟ್ಟಿ ಹಿಕ್ಕಿ ಬಿದ್ದಾವ. ನಾಳಿಂದ ನಾನೂ ಬದನಿ ಹಚ್ಚತೇನ್ರಿ."

ಶ್ರೀಧರ ತನ್ನ ಮಾಳಿಗೆಯನ್ನು ಮೂಲೆಮೂಲೆ ಹುಡುಕಿದ. ಅಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ.