ಎಳ್ಳುಗುಡ್ಡದ ವಿಲಂಬಾಸ್ತ್ರ

ಸ್ವಸ್ತಿ! ಕೃತಯುಗದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತಿದ್ದ ಧರ್ಮವು ಕಲಿಯುಗಕ್ಕೆ ಬರುವಷ್ಟರಲ್ಲಿ ಒಂಟಿಕಾಲಿನಲ್ಲಿ ಕುಂಟುತ್ತಿರಲಾಗಿ, ಎರಡು ಕಾಲಿದ್ದವರೂ ನೆಟ್ಟಗೆ ಓಡುವುದು ಅಪರೂಪವಾಗಿರಲಾಗಿ, ಜಂಬೂದ್ವೀಪದ ದಕ್ಷಿಣಭಾಗದಲ್ಲಿ, ಕಾಲುವೆಯ ನೀರು ಇಂದು ಬಂದೀತು ನಾಳೆ ಬಂದೀತು ಎಂದು ಮೂರು ಚುನಾವಣೆಗಳಿಂದ ನಂಬಿಕೊಂಡಿದ್ದ ಎಳ್ಳುಗುಡ್ಡವೆಂಬ ಕರಿನೆಲದ ಊರಿನಲ್ಲಿ, ಜಿಲ್ಲಾಮಟ್ಟದ ಕ್ರೀಡಾಕೂಟಕ್ಕೆ ಸರಿಯಾಗಿ ಒಂಬತ್ತು ದಿನಗಳು ಉಳಿದಿರಲಾಗಿ, ಸೀಟಿವಿರಾಜಿತಕಂಠರೂ, ಧವಲಪಾದರಕ್ಷಾಲಂಕೃತರೂ, ಕವಾಯತುಚಕ್ರವರ್ತಿಗಳೂ, ‘ಸಾವಧಾನ್’ ಎಂಬ ಒಂದೇ ಮಂತ್ರದಿಂದ ನಾನೂರು ಮಕ್ಕಳನ್ನು ಶಿಲಾಪ್ರತಿಮೆಗಳನ್ನಾಗಿ ಮಾಡಬಲ್ಲ ಮಹಾಮಾಂತ್ರಿಕರೂ ಆದ ಹೈಸ್ಕೂಲಿನ ಡ್ರಿಲ್ ಮಾಸ್ತರು ಗದಿಗೆಪ್ಪ ಕೊಣ್ಣೂರ ಅವರ ವೃತ್ತಾಂತವನ್ನು ಹೇಳುತ್ತೇನೆ. ಕುಳಿತು ಕೇಳಿದವರಿಗೆ ಪುಣ್ಯ, ನಿಂತು ಕೇಳಿದವರಿಗೆ ಕಾಲುನೋವು. ತಾಯೀ ಸರಸ್ವತೀ, ನೀನು ಹೆಚ್ಚಾಗಿ ಕ್ಲಾಸಿನ ಒಳಗೇ ಇರುವವಳು. ಈ ಒಂದು ಸಲ ಆಟದ ಬಯಲಿಗೆ ಬಾ. ಬಿಸಿಲಿದೆ, ಸೆರಗು ಹೊದ್ದುಕೊಂಡು ಬಾ.

ಆಯುಧವಿಲ್ಲದ ವೀರನಿಗೆ ಕಾವ್ಯವಿಲ್ಲ. ಮಾಸ್ತರರ ಆಯುಧವು ಓಟದ ಪಂದ್ಯಗಳನ್ನು ಶುರುಮಾಡಲು ಹಾರಿಸುವ ಪಿಸ್ತೂಲು. ಗುಂಡಿಲ್ಲ, ಬರೀ ಕೇಪು. ಆದರೆ ಸಪ್ಪಳಕ್ಕೆ ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಲೇ ಹಾರುತ್ತಿದ್ದವು. ಸಪ್ತಸಮುದ್ರಗಳಾಚೆಯ ಕಾರ್ಖಾನೆಯೊಂದರಲ್ಲಿ ಜನಿಸಿ, ಹಡಗು, ರೈಲು ಮತ್ತು ಕೆಂಪು ಬಸ್ಸುಗಳನ್ನು ಕ್ರಮವಾಗಿ ಏರಿಳಿದು, ಇಪ್ಪತ್ತಾರು ವರ್ಷಗಳ ಹಿಂದೆ ಎಳ್ಳುಗುಡ್ಡಕ್ಕೆ ಬಿಜಯಂಗೈದ ಆ ಹಿತ್ತಾಳೆನಳಿಗೆಯ, ಕರಿಮರದ ಹಿಡಿಕೆಯ ಪಿಸ್ತೂಲನ್ನು ಮಾಸ್ತರರು ತಮ್ಮ ಮೊದಲ ಪಗಾರದಲ್ಲಿ ತಾವೇ ತರಿಸಿಕೊಂಡಿದ್ದರು. ಲೋಕದ ಮಿಕ್ಕ ಪಿಸ್ತೂಲುಗಳು ಕುದುರೆ, ಅಂದರೆ ಟ್ರಿಗರು, ಎಳೆದ ಕೂಡಲೇ ಢಂ ಎನ್ನುತ್ತವೆ. ಇದು ಹಾಗಲ್ಲ. ಮೊದಲು ‘ಟಕ್’ ಎನ್ನುತ್ತಿತ್ತು. ಆಮೇಲೆ, ಮರ್ಯಾದಸ್ಥ ಬೀಗರು ಬಾಗಿಲಲ್ಲಿ ಒಮ್ಮೆ ಕೆಮ್ಮಿ ಒಳಗೆ ಬರುವಷ್ಟು ಹೊತ್ತು ಸುಮ್ಮನಿದ್ದು, ‘ಢಂ’ ಎನ್ನುತ್ತಿತ್ತು. ಆದ್ದರಿಂದ ನಾವು ಇದನ್ನು ವಿಲಂಬಾಸ್ತ್ರವೆಂದು ಕರೆಯೋಣ. ಊರವರು ಮಾಸ್ತರ ಪಿಸ್ತೂಲು ಎಂದಷ್ಟೇ ಕರೆಯುತ್ತಿದ್ದರು.

ಹೋದ ವರ್ಷ ಶಾಲೆಯದೇ ಕ್ರೀಡಾಕೂಟಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದ ಕೊಲ್ಹಾಪುರದ ಇನಾಮದಾರರೆಂಬ ಶ್ರೀಮಂತರು ಹಳೆಯ ಪಿಸ್ತೂಲುಗಳನ್ನು ಸಂಗ್ರಹಿಸುವವರು. ಆ ಟಕ್ಕನ್ನೂ ಆ ಢಮ್ಮನ್ನೂ ಕೇಳಿ ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಊರಿಗೆ ಮರಳಿದವರೇ ಒಂದು ಪತ್ರ ಬರೆದರು: ಇದು ಕಾರ್ಖಾನೆಯಲ್ಲೇ ಹುಟ್ಟಿದ ದೋಷ, ಇಂಥ ಇನ್ನೊಂದು ಪಿಸ್ತೂಲು ಭೂಮಿಯ ಮೇಲೆ ಇರಲಿಕ್ಕಿಲ್ಲ, ದೋಷವೇ ಇದರ ಕಿರೀಟ, ರಿಪೇರಿ ಮಾಡಿಸಿದಿರೋ ಸಾವಿರದಲ್ಲಿ ಒಂದಾಗಿಬಿಡುತ್ತದೆ; ಮುಂದಿನ ಶಾಲಾವರ್ಷದ ಮಾರ್ಚಿನಲ್ಲಿ ತಾವು ನಿವೃತ್ತರಾದ ಮೇಲೆ ದಯವಿಟ್ಟು ನನಗೆ ಕೊಡಿ, ಗಾಜಿನ ಕಪಾಟಿನಲ್ಲಿಟ್ಟು ಕೆಳಗೆ ಹಿತ್ತಾಳೆಯ ಪಟ್ಟಿಯ ಮೇಲೆ ತಮ್ಮ ಹೆಸರು ಕೆತ್ತಿಸುತ್ತೇನೆ. ಮಾಸ್ತರರು ಆ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದರು. ಕೇಳಿದವರಿಗೂ ಓದಿ ಹೇಳಿದರು, ಕೇಳದವರಿಗೂ ಓದಿ ಹೇಳಿದರು. ನಗಬೇಡಿ. ಇಪ್ಪತ್ತಾರು ವರ್ಷ ಬಿಸಿಲಲ್ಲಿ ನಿಂತು ಮಕ್ಕಳನ್ನು ಓಡಿಸಿ, ನೂರು ಮೀಟರಿನಲ್ಲಿ ಒಂದೇ ಒಂದು ಜಿಲ್ಲಾ ಪದಕವನ್ನೂ ಕಾಣದ ಮನುಷ್ಯನಿಗೆ ತನ್ನ ಹೆಸರು ಎಲ್ಲೋ ಒಂದು ಕಡೆ ಹಿತ್ತಾಳೆಯ ಮೇಲೆ ಉಳಿಯುತ್ತದೆ ಎಂಬುದು ಸಣ್ಣ ಮಾತಲ್ಲ.

ಇಂತಿರಲು, ಗುರುವಾರ ಮೂರನೆಯ ಪೀರಿಯಡ್ಡಿನ ಶುಭಮುಹೂರ್ತದಲ್ಲಿ, ಸ್ಟಾಫ್ ರೂಮೆಂಬ ಕುರುಕ್ಷೇತ್ರವನ್ನು ಶತಮೀಟರಧಾವನಧುರಂಧರೆಯೂ, ಜಡೆಯನ್ನು ಗಂಟುಹಾಕಿ ಕಟ್ಟಿದ ಸಮರಸನ್ನದ್ಧೆಯೂ ಆದ ಕಸ್ತೂರಿ ಟೀಚರು ಪ್ರವೇಶಿಸಿದಳು. ಇವಳು ಇದೇ ಶಾಲೆಯಲ್ಲಿ ಇದೇ ಮಾಸ್ತರರ ಕೈಯಲ್ಲಿ ಓಡಿ ಬೆಳೆದವಳು. ಈಗ ಇದೇ ಶಾಲೆಗೆ ಹುಡುಗಿಯರ ಪಿ.ಟಿ. ಟೀಚರಾಗಿ ಜೂನ್‌ನಲ್ಲಿ ಬಂದಿದ್ದಳು.

“ಸರ, ಒಂದ್ ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಪಿಸ್ತೂಲು ರಿಪೇರಿ ಮಾಡಿಸ್ರಿ.”

ಸ್ಟಾಫ್ ರೂಮಿನ ಫ್ಯಾನು ಕೂಡ ಒಂದು ಸುತ್ತು ತಡೆದು ತಿರುಗಿತು.

“ನಮ್ಮ ಹುಡುಗ್ರು ಢಂ ಅನ್ನೂದಕ್ಕ ಓಡೂದಿಲ್ರಿ. ಟಕ್ ಅನ್ನೂದಕ್ಕ ಓಡ್ತಾರ. ಢಂ ಅನ್ನೂದ್ರಾಗ ಎರಡ್ ಹೆಜ್ಜಿ ಹೋಗಿರ್ತಾರ. ಎಲ್ಲಾರೂ ಹಾಂಗ ಹೋಗ್ತಾರ, ಅದಕ್ಕ ಇಲ್ಲಿ ಯಾರಿಗೂ ಗೊತ್ತಾಗಿಲ್ಲ. ಜಿಲ್ಲಾದಾಗಿನ ಪಿಸ್ತೂಲಿಗೆ ಟಕ್ ಎಲ್ಲೈತ್ರಿ? ಅಲ್ಲಿ ಇವ್ರು ಟಕ್ಕಿನ ದಾರಿ ಕಾಯ್ಕೋತ ನಿಂದರ್ತಾರ. ಉಳದವ್ರು ಹೋಗಿಬಿಟ್ಟಿರ್ತಾರ. ಈ ಸಲ ಫಕೀರವ್ವ ಅದಾಳ. ಅಂಥಾ ಹುಡುಗಿ ಮತ್ತ ಹತ್ತ್ ವರ್ಷಕ್ಕ ಸಿಗೂದಿಲ್ಲ.”

ಆಗ ಗದಿಗೆಪ್ಪ ಮಾಸ್ತರರು, ಪ್ರಳಯಕಾಲದ ಮೇಘವು ಗುಡುಗಿದಂತೆ, ‘ಎಲೌ ಚಪಲೆಯೇ, ಚಂದ್ರನ ಕಲೆಯನ್ನು ಉಜ್ಜಿ ತೆಗೆದವರುಂಟೇ? ನೀಲಕಂಠನ ಕೊರಳಿಗೆ ಸುಣ್ಣ ಬಳಿದವರುಂಟೇ? ಹುಟ್ಟುದೋಷವೇ ಭೂಷಣವಾದ ಈ ದಿವ್ಯಾಸ್ತ್ರವನ್ನು ತಿದ್ದಲೆಳಸುವ ಹಸ್ತವು ಇನ್ನೂ ಯಾವ ತಾಯಿಯ ಬಸಿರಲ್ಲಿದೆ?’ ಎಂಬ ಭಾವವು ದಶದಿಕ್ಕುಗಳನ್ನು ತುಂಬುವಂತೆ ನುಡಿದರು. ಸ್ಟಾಫ್ ರೂಮಿನಲ್ಲಿದ್ದವರ ಕಿವಿಗೆ ಬಿದ್ದ ಮಾತು ಮಾತ್ರ ಇಷ್ಟು: “ಇನಾಮದಾರ ಸಾಹೇಬ್ರು ಕೈ ಹಚ್ಚಬ್ಯಾಡ ಅಂದಾರ. ಹಚ್ಚೂದಿಲ್ಲ.”

ಎರಡೂ ಪಕ್ಷಗಳಲ್ಲಿ ಸೇನೆ ಜಮಾಯಿಸಿತು. ವಿಜ್ಞಾನದವರು ಕಸ್ತೂರಿಯ ಕಡೆ, ಇತಿಹಾಸದವರು ಮಾಸ್ತರರ ಕಡೆ. ಹಳೆಯ ಸಾಮಾನು ಹೇಗಿದೆಯೋ ಹಾಗೇ ಇರಬೇಕೆಂದು ಇತಿಹಾಸದವರು ಮೇಜು ಗುದ್ದಿದರು. ಗುದ್ದಿದ ಏಟಿಗೆ ವಿಜ್ಞಾನದವರ ಚಹಾ ಚೆಲ್ಲಿ ವೈರ ಇನ್ನಷ್ಟು ಬೆಳೆಯಿತು. ಹೆಡ್‌ಮಾಸ್ತರರು ಇಬ್ಬರದೂ ಖರೇ ಐತಿ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ತಮ್ಮ ರೂಮಿಗೆ ಹೋದರು. ದೊಡ್ಡವರು ಎಂದರೆ ಸುಮ್ಮನೆ ದೊಡ್ಡವರಾಗಿರುವುದಿಲ್ಲ.

ಕಸ್ತೂರಿ ಹಿಂದೆ ಸರಿಯಲಿಲ್ಲ. ಆದರೆ ಅವಳ ದನಿ ಇಳಿಯಿತು.

“ನಾನೂ ಜಿಲ್ಲಾಕ್ಕ ಹೋಗಿದ್ನೆಲ್ರಿ ಸರ. ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗ. ನಾಲ್ಕನೇದ್ದು ಬಂದೆ. ಮೂರನೇದಾಕಿಗೂ ನನಗೂ ಒಂದ್ ಗೇಣು ಇರಲಿಲ್ಲ. ಬಸ್ಸಿನ್ಯಾಗ ಬರೂ ಮುಂದ ನೀವು ನನಗ ಏನಂದ್ರಿ, ನೆನಪೈತೇನ್ರಿ?”

ಮಾಸ್ತರರಿಗೆ ನೆನಪಿತ್ತು. ಇಲ್ಲವೆನ್ನುವಂತೆ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು.

“‘ನಿನಗ ಕಾಲು ಅದಾವು, ಧೈರ್ಯ ಇಲ್ಲ’ ಅಂದ್ರಿ. ಹದಿನಾರು ವರ್ಷ ಆತ್ರಿ ಸರ. ನಾ ಅದನ್ನ ನಂಬಿಬಿಟ್ಟೀನಿ.”

ಗಂಟೆ ಹೊಡೆಯಿತು. ಉಭಯ ಸೇನೆಗಳೂ ಹಾಜರಿ ಪುಸ್ತಕ, ಸೀಮೆಸುಣ್ಣಗಳನ್ನು ಧರಿಸಿ ತಂತಮ್ಮ ಕ್ಲಾಸುಗಳಿಗೆ ತೆರಳಿದವು. ಮಾಸ್ತರರು ಒಬ್ಬರೇ ಕುಳಿತರು.

ಅಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ವೀರಾಗ್ರಣಿಯು ಗಂಗಾಳದ ಮುಂದೆ ಕುಳಿತು, ರೊಟ್ಟಿಯನ್ನು ಮುರಿಯದೆ, ಲ್ಯಾಮಿನೇಶನ್ ಮಾಡಿಸಿದ ಪತ್ರವನ್ನು ಮೊದಲಿನಿಂದ ಓದತೊಡಗಿದರು. ಅವರ ಧರ್ಮಪತ್ನಿ ನಿಂಬೆವ್ವ ಆ ಪತ್ರವನ್ನು ಇಷ್ಟು ಸಲ ಕೇಳಿದ್ದಳೆಂದರೆ ಮರಾಠಿ ಸಹಿಯ ಸಮೇತ ಅವಳಿಗೆ ಬಾಯಿಪಾಠವಾಗಿತ್ತು. ಅರ್ಧಕ್ಕೆ ತಡೆದು, ಏನಾಯಿತೆಂದು ಕೇಳಿ, ಎಲ್ಲವನ್ನೂ ತಿಳಿದುಕೊಂಡಳು.

“ಅಲ್ರಿ, ಕಸ್ತೂರಿ ಸುಳ್ಳ ಹೇಳ್ಯಾಳೇನು?”

“ಇಲ್ಲ.”

“ಮತ್ತ ಪತ್ರಾ ಯಾಕ ಓದಾಕತ್ತೀರಿ? ರೊಟ್ಟಿ ತಿನ್ರಿ.”

ಭೀಷ್ಮನ ಶರಶಯ್ಯೆಯಲ್ಲೂ ಇಂಥ ಮೊನೆಯ ಬಾಣ ಇರಲಿಲ್ಲ. ಮಾಸ್ತರರು ರೊಟ್ಟಿ ತಿಂದರು, ರುಚಿ ಹತ್ತಲಿಲ್ಲ. ಆ ಮಾತನ್ನು ತಾವು ಕಸ್ತೂರಿಯೊಬ್ಬಳಿಗೇ ಹೇಳಿದ್ದಲ್ಲ. ಕುರುಬರ ಹಾಲಪ್ಪನಿಗೆ ಹೇಳಿದ್ದರು, ದರ್ಜಿಯವರ ಹುಸೇನನಿಗೆ ಹೇಳಿದ್ದರು, ಓಡಿ ಬಂದವಳು ಅಳುತ್ತಿದ್ದರೂ ಅಂಚೆ ರುದ್ರವ್ವನ ಮಗಳಿಗೆ ಹೇಳಿದ್ದರು. ಬೆರಳು ಮಡಿಚಿ ಎಣಿಸುತ್ತ ಹೋದರೆ ಎರಡು ಕೈ ಸಾಲಲಿಲ್ಲ. ಪಿಸ್ತೂಲನ್ನು ಇದ್ದಂತೆ ಇಟ್ಟರೆ ತಮ್ಮ ಹೆಸರು ಕಪಾಟಿನಲ್ಲಿ ಉಳಿಯುತ್ತದೆ. ರಿಪೇರಿಗೆ ಕೊಟ್ಟರೆ ಇಪ್ಪತ್ತಾರು ವರ್ಷಗಳ ಸೋಲೆಲ್ಲ ಮಕ್ಕಳದಲ್ಲ, ತಮ್ಮದು ಎಂದು ಊರ ಮುಂದೆ ಒಪ್ಪಿಕೊಂಡಂತೆ. ಅವರಿಗೆ ತುಂಬಾ ನಾಚಿಕೆಯಾಯಿತು. ಗಂಡಸು ಐವತ್ತೆಂಟನೆಯ ವಯಸ್ಸಿನಲ್ಲಿ ನಾಚಿದರೆ ನೋಡಲು ಚೆನ್ನಾಗಿರುವುದಿಲ್ಲ, ಆದ್ದರಿಂದ ನಿಂಬೆವ್ವ ನೀರು ತರುವ ನೆಪದಲ್ಲಿ ಒಳಗೆ ಹೋದಳು.

ಶನಿವಾರ ಅರ್ಧದಿನದ ಶಾಲೆ ಬಿಟ್ಟ ಮೇಲೆ ಮಾಸ್ತರರು ವಿಲಂಬಾಸ್ತ್ರವನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್‌ಸ್ಟ್ಯಾಂಡಿನ ಎದುರಿಗಿರುವ, ಹೊಲಿಗೆಯಂತ್ರ ಮತ್ತು ಸ್ಟೋವುಗಳ ಧನ್ವಂತರಿಯಾದ ಮೌಲಾಸಾಬನ ಅಂಗಡಿಗೆ ನಡೆದರು. ಕಸ್ತೂರಿಗೂ ಬರಹೇಳಿದ್ದರು. ಅವಳು ಬಂದು, ಮಾಸ್ತರರು ಕುಳಿತಿದ್ದ ಮರದ ಬಾಕಿನ ಇನ್ನೊಂದು ತುದಿಗೆ ಕುಳಿತಳು.

ಮೌಲಾಸಾಬನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದನು. ದೇವಾಸುರರು ಮಂದರಪರ್ವತವನ್ನು ತಿರುವಿದಷ್ಟು ಎಚ್ಚರದಿಂದ ಮೂರು ಸ್ಕ್ರೂಗಳನ್ನು ತಿರುವಿದನು. ಹಿಡಿಕೆಯನ್ನು ಬಿಚ್ಚಿದನು. ಒಳಗೆ ಇಣುಕಿದನು. ಏನಾದರೂ ಮುರಿದ ಸ್ಪ್ರಿಂಗೋ, ತಪ್ಪು ಕೊರೆದ ಹಲ್ಲೋ, ಪರದೇಶದ ಯಾವನೋ ಕುಶಲಕರ್ಮಿಯ ಕೈನಡುಕವೋ ಹೊರಗೆ ಬರುತ್ತದೆಂದು ಮೂವರೂ ಉಸಿರು ಹಿಡಿದಿರಲಾಗಿ, ಮೌಲಾಸಾಬನು ಚಿಮಟಿಗೆಯನ್ನು ಒಳಗೆ ಬಿಟ್ಟು, ನಾಲ್ಕು ಮಡಿಕೆಯಾಗಿದ್ದ, ಎಣ್ಣೆ ಕುಡಿದು ಹಳದಿಯಾಗಿದ್ದ, ಹೆಬ್ಬೆರಳಿನ ಉಗುರಿನಷ್ಟಿದ್ದ ಒಂದು ಕಾಗದದ ಚೂರನ್ನು ಹೊರಗೆ ಎಳೆದನು.

“ಇದು ಸುತ್ತಿಗಿ ಬುಡಕ ಸಿಕ್ಕೊಂಡಿತ್ರಿ ಮಾಸ್ತರ. ಕುದುರಿ ಎಳದ್ರ ಟಕ್ ಅಂತ ಬಿಡ್ತಿತ್ತು, ಇದಕ್ಕ ತಾಗಿ ತಡದು ಆಮ್ಯಾಲೆ ಬಡೀತಿತ್ತು. ಮತ್ತೇನಿಲ್ಲ. ಪಿಸ್ತೂಲು ಚೊಕ್ಕ ಐತಿ.”

ಕಸ್ತೂರಿ ಕಾಗದವನ್ನು ಬಿಡಿಸಿದಳು. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರಗಳಿದ್ದವು. ಓದಿ, ಕನ್ನಡದಲ್ಲಿ ಹೇಳಿದಳು: “ಬಳಸೂ ಮೊದಲ ಈ ಕಾಗದ ತಗೀರಿ ಅಂತೈತ್ರಿ ಸರ.”

ಕಾರ್ಖಾನೆಯು ನಿರ್ದೋಷಿಯಾಯಿತು. ಇಪ್ಪತ್ತಾರು ವರ್ಷಗಳ ಹಿಂದೆ ಪಾರ್ಸಲ್ಲು ಬಂದ ದಿನ, ಪೆಟ್ಟಿಗೆಯಲ್ಲಿದ್ದ ಪುಸ್ತಕವನ್ನು ಆಗಿನ ಹೆಡ್‌ಮಾಸ್ತರರು ಓದಲು ಹೋದಾಗ, ‘ಪಿಸ್ತೂಲು ಹಾರ್ಸಾಕೂ ಪುಸ್ತಕ ಓದಬೇಕೇನ್ರಿ?’ ಎಂದು ನಕ್ಕು, ಅದನ್ನು ಕಿಟಕಿಯ ಮೇಲಿಟ್ಟ ತರುಣನೊಬ್ಬನು ಗದಿಗೆಪ್ಪ ಮಾಸ್ತರರ ಕಣ್ಣ ಮುಂದೆ ಬಂದು ನಿಂತನು. ಅವನಿಗೆ ಆಗ ಮೀಸೆ ಕಪ್ಪಿತ್ತು.

ಮೌಲಾಸಾಬನು ಊರಿನ ಸುದ್ದಿಯನ್ನೆಲ್ಲ ಬಲ್ಲವನು. ಕಾಗದವನ್ನು ಮೊದಲಿನಂತೆ ಮಡಿಚಿ, ಚಿಮಟಿಗೆಯಲ್ಲಿ ಹಿಡಿದು, ಬಿಚ್ಚಿದ ಪಿಸ್ತೂಲಿನ ಮೇಲೆ ತಂದು ಕೇಳಿದನು: “ಕೊಲ್ಹಾಪುರದವ್ರಿಗೆ ಕೊಡೂದೈತಲ್ರಿ. ತಿರುಗಿ ಒಳಗ ಇಡ್ಲೇನು? ಯಾರಿಗೂ ಗೊತ್ತಾಗೂದಿಲ್ಲ.”

ಕೇಳುಗರೇ, ಈ ಕಾವ್ಯದ ಮಹಾಯುದ್ಧವು ಇಲ್ಲಿ ನಡೆಯಿತು. ರಥವಿರಲಿಲ್ಲ, ಶಂಖವಿರಲಿಲ್ಲ. ಗದಗಿನ ಬಸ್ಸು ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಗುವವರೆಗೆ ಮಾಸ್ತರರು ಆ ಚೂರು ಕಾಗದವನ್ನು ನೋಡುತ್ತ ಕುಳಿತಿದ್ದರು. ಅದು ಒಳಗೆ ಹೋದರೆ ಹಿತ್ತಾಳೆಯ ಪಟ್ಟಿ. ಹೊರಗೆ ಉಳಿದರೆ ಏನೂ ಇಲ್ಲ.

“ಬ್ಯಾಡ ಮೌಲಾ,” ಎಂದರು.

ಆಮೇಲೆ ಬಾಕಿನ ಇನ್ನೊಂದು ತುದಿಯ ಕಡೆಗೆ ತಿರುಗಿದರು. “ಕಸ್ತೂರಿ, ಅವತ್ತ ಧೈರ್ಯ ಇಲ್ಲದಾಂವ ನಾ ಇದ್ದೆನವ್ವ. ಆ ನಾಲ್ಕನೇದ್ದು ನಿಂದಲ್ಲ. ನಂದು.”

ಕಸ್ತೂರಿ ನೆಲ ನೋಡಿದಳು. ಮೂಗು ಒರೆಸಿಕೊಂಡಳು. ಎದುರಿನ ಕ್ಯಾಂಟೀನಿನಿಂದ ಮೌಲಾಸಾಬ ತರಿಸಿದ ಮೂರು ಕಪ್ಪುಗಳು ಬಾಕಿನ ಮೇಲಿದ್ದವು.

“ಚಾ ಆರಾಕತ್ತೈತ್ರಿ ಸರ,” ಎಂದಳು.

ಸೋಮವಾರ ಬೆಳಗ್ಗೆ, ಪ್ರಾರ್ಥನೆಗೆ ಒಂದು ತಾಸು ಮುಂಚೆ, ಸುಣ್ಣದ ಗೆರೆಯ ಮೇಲೆ ಫಕೀರವ್ವ ಮೊದಲಾದ ಏಳು ಜನ ಹುಡುಗಿಯರು ಬೆರಳೂರಿ ಬಗ್ಗಿದರು. ಢಂ ಎಂದೊಡನೆ ಗೆರೆ ಬಿಟ್ಟು ಓಡುವುದು ಹೇಗೆಂದು ತೋರಿಸಲು ಕಸ್ತೂರಿ ಟೀಚರು ಸೆರಗು ಬಿಗಿದು ಎಂಟನೆಯವಳಾಗಿ ಬಗ್ಗಿದಳು. ನಿರ್ದೋಷವೂ ನಿಷ್ಕಳಂಕವೂ ಆದ ಅಸ್ತ್ರವನ್ನು ಮಾಸ್ತರರು ಆಕಾಶಕ್ಕೆ ಎತ್ತಿ, “ಆನ್ ಯುವರ್ ಮಾರ್ಕ್! ಸೆಟ್!” ಎಂದು ಗರ್ಜಿಸಿ, ಕುದುರೆಯನ್ನು ಎಳೆದರು.

ಢಂ!

ಕಾಗೆಗಳು ಹಾರಿದವು. ಉಳಿದವರು ಯಾರೂ ಹಾರಲಿಲ್ಲ. ಏಳು ಹುಡುಗಿಯರೂ ಬಗ್ಗಿಕೊಂಡೇ ಮಾಸ್ತರರ ಮುಖ ನೋಡಿದರು. ಎಂಟನೆಯವಳೂ ಬಗ್ಗಿಕೊಂಡೇ ಇದ್ದಳು. ರಿಪೇರಿಗಾಗಿ ಊರನ್ನೇ ಎದುರು ಹಾಕಿಕೊಂಡವಳ ಕಾಲುಗಳು ಹದಿನಾರು ವರ್ಷಗಳ ಮೇಲೂ ಟಕ್ಕಿನ ದಾರಿ ಕಾಯುತ್ತಿದ್ದವು.

“ಇನ್ನೊಮ್ಮೆ ಹಾರ್ಸ್ರಿ ಸರ,” ಎಂದಳು, ತಲೆ ಎತ್ತದೆ.

ಮಾಸ್ತರರು ಇನ್ನೊಂದು ಕೇಪು ಹಾಕಿದರು. ಆಮೇಲೆ ಇನ್ನೊಂದು. ಒಂಬತ್ತನೆಯದಕ್ಕೆ ಫಕೀರವ್ವ ಗೆರೆ ಬಿಟ್ಟು ಓಡಿದಳು. ಹನ್ನೆರಡನೆಯದರ ಹೊತ್ತಿಗೆ ಉಳಿದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಕಲಿತು, ಆಚೆ ಬೇವಿನ ನೆರಳಿಗೆ ಹೋಗಿ ನೀರು ಕುಡಿಯುತ್ತ ಕುಳಿತರು. ಹದಿನೇಳನೆಯದಕ್ಕೆ ಕಸ್ತೂರಿ ಹೋದಳು. ಗೆರೆಯಿಂದ ಎರಡು ಹೆಜ್ಜೆ ಇಟ್ಟು ನಿಂತರೆ ಸಾಕಿತ್ತು. ಅವಳು ನಿಲ್ಲಲಿಲ್ಲ, ಧೂಳೆಬ್ಬಿಸುತ್ತ ಆ ತುದಿಯ ಸುಣ್ಣದ ಗೆರೆಯನ್ನು ದಾಟಿಯೇ ನಿಂತಳು. ಏದುಸಿರು ಬಿಡುತ್ತ, ಸೊಂಟದ ಮೇಲೆ ಕೈಯಿಟ್ಟುಕೊಂಡು ತಿರುಗಿ ಬಂದಳು.

“ಎಷ್ಟಾತ್ರಿ ಸರ?”

ಮಾಸ್ತರರು ಕೈಯಲ್ಲಿದ್ದ ಸ್ಟಾಪ್‌ವಾಚು ನೋಡಿದರು. ಒತ್ತುವುದನ್ನೇ ಮರೆತಿದ್ದರು.

“ಮೊದಲನೇದ್ದು,” ಎಂದರು.

“ನಾ ಒಬ್ಬಾಕಿನ ಓಡೀನ್ರಿ.”

“ಹೂಂ. ಅದಕ್ಕ ಮೊದಲನೇದ್ದು ಅಂದೆ.”

ಪ್ರಾರ್ಥನೆಯ ಗಂಟೆಯಾಯಿತು. ಎಲ್ಲರೂ ಸಾಲಿಗೆ ಹೋಗಿ ನಿಂತರು.